ಫೋನ್ ನಂಬರ್ ಒಂದೇ ಸಾಕೇ?

ನಮ್ಮ ಪೇಟೆಯ ಅಂಗಡಿಗಳ ಮುಂದೆ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಎಂಬ ಚೀಟಿ ಅಂಟಿಸಿರುತ್ತಾರೆ. ಕೆಳಗೊಂದು ಫೋನ್ ನಂಬರ್, ಅಷ್ಟೇ. ನನ್ನ ಅಣ್ಣನಿಗೆ ಕಿವಿ ಕೇಳುವುದಿಲ್ಲ. ಪಿಯುಸಿ ಕಾಮರ್ಸ್ ಮುಗಿಸಿ ಟ್ಯಾಲಿ ಕಲಿತಿದ್ದಾನೆ. ಆ ನಂಬರಿಗೆ ಅವನು ಹೇಗೆ ಕರೆ ಮಾಡಬೇಕು? ಕಳೆದ ತಿಂಗಳು ಅವನ ಪರವಾಗಿ ನಾನೇ ಮಾಡಿದೆ. ವಿಷಯ ತಿಳಿದ ಕೂಡಲೇ "ಆಮೇಲೆ ಹೇಳುತ್ತೇವೆ" ಎಂದರು. ಇನ್ನೂ ಹೇಳಿಲ್ಲ. ಸರ್ಕಾರದ ಸ್ಕಿಲ್ ಕನೆಕ್ಟ್ ಜಾಲತಾಣದಲ್ಲೂ ಹೆಸರು ನೋಂದಾಯಿಸಿದ್ದಾನೆ. ಅಲ್ಲಿ ಕಂಡ ಕೆಲಸಗಳೆಲ್ಲ ದೂರದ ಊರಿನವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ನೌಕರಿಗೆ ಶೇ. 4ರಷ್ಟು ಮೀಸಲಾತಿ ಇದೆ. ಖಾಸಗಿಯವರಿಗೆ ಕಡ್ಡಾಯವಿಲ್ಲ, ಶೇ. 5ರಷ್ಟಾದರೂ ವಿಕಲಚೇತನರನ್ನು ಸೇರಿಸಿಕೊಳ್ಳುವಂತೆ ಸರ್ಕಾರ ಅವರಿಗೆ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಇದೆ. ಐದಾರು ಜನ ದುಡಿಯುವ ನಮ್ಮ ಅಂಗಡಿಗಳಿಗೆ ಈ ಲೆಕ್ಕ ತಾಗುವುದೇ ಇಲ್ಲ ಬಿಡಿ. ಆದರೆ ಚೀಟಿಯಲ್ಲಿ 'ವಾಟ್ಸಾಪ್ ಮಾಡಬಹುದು' ಎಂದು ಬರೆಯಲು ಕಾಯ್ದೆ ಬೇಕೇ?

ನಮ್ಮಲ್ಲಿ ಅನೇಕರ ಅಬ್ಬ, ಮಾವಂದಿರು ಅಂಗಡಿ ಇಟ್ಟವರೇ. ಇವತ್ತು ಮನೆಗೆ ಹೋದ ಮೇಲೆ ಅವರನ್ನು ಕೇಳಿ ನೋಡಿ. ಅಂಥ ಚೀಟಿ ತಂದುಕೊಟ್ಟರೆ, ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಲು ಪ್ರಾಂಶುಪಾಲರ ಅನುಮತಿ ನಾನು ಕೇಳುತ್ತೇನೆ.