ಸವೆದ ಮುಖದ ಗಡಿಯಾರ

ಹಳೆಯ ಜಪಾನೀ ಕ್ರೀಡಾ ಗಡಿಯಾರಗಳನ್ನು ಕೂಡಿಡುವ ಹವ್ಯಾಸವು ಈಚೆಗೆ ನಮ್ಮ ತರುಣರಲ್ಲಿಯೂ ಬೇರೂರುತ್ತಿದೆ. ನಾಣ್ಯ, ಅಂಚೆಚೀಟಿಗಳ ಸಂಗ್ರಹವನ್ನು ಮೆಚ್ಚುವ ಹಿರಿಯರು ಇದನ್ನು ಕಂಡು ಮೂಗು ಮುರಿಯುವುದುಂಟು. ಹೊತ್ತು ತಿಳಿಯಲು ಒಂದು ಗಡಿಯಾರ ಸಾಲದೆ, ಅದೂ ಪರದೇಶದ ಹಳೆಯ ಮಾಲೇ ಏಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಶಹಾಬಾದದ ತರುಣನೊಬ್ಬನು ಈ ಹವ್ಯಾಸಕ್ಕೆ ಕೈಹಾಕಿದರೆ ಅವನು ಮೊದಲು ನೋಡಬೇಕಾದುದು ಪರದೇಶದ ಕಡೆಗಲ್ಲ, ತನ್ನ ಮನೆಯ ಟ್ರಂಕಿನ ತಳಕ್ಕೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆದುದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ನಮ್ಮವರು ದೇಶೀಯವೆಂದು ಅಭಿಮಾನದಿಂದ ಕಟ್ಟಿಕೊಂಡ ಆ ಗಡಿಯಾರದ ಒಡಲೊಳಗೆ ಜಪಾನೀ ವಿದ್ಯೆ ಮಿಡಿಯುತ್ತಿತ್ತು. ಹಳೆಯ ‘ಜನತಾ’ದ ಮುಖಫಲಕವನ್ನು ದುರ್ಬೀನಿನ ಕೆಳಗೆ ಹಿಡಿದು ನೋಡಿರಿ. ಹದಿನೇಳು ಹರಳುಗಳೆಂಬ ಬರಹದ ಜೊತೆಗೆ ‘ಪ್ಯಾರಾಶಾಕ್’ ಎಂಬ ಮಾತು ಕಾಣುತ್ತದೆ; ಅದು ಆಘಾತದಿಂದ ಯಂತ್ರವನ್ನು ಕಾಯುವ ಏರ್ಪಾಟಿಗೆ ಸಿಟಿಜನ್ ಕೊಟ್ಟ ಹೆಸರು. ಕರಿಯ ಮುಖದ ‘ಪೈಲಟ್’ ಆಟದ ಮೈದಾನಕ್ಕೆಂದು ಹುಟ್ಟಿದುದಲ್ಲವಾದರೂ ಒರಟು ಬಾಳಿಗೆ ಹೇಳಿಸಿದಂತಹುದು. ನಿತ್ಯ ಬೆಳಿಗ್ಗೆ ಕೀಲಿ ಕೊಟ್ಟರೆ ಸೆಕೆಂಡಿಗೆ ಐದು ಮಿಡಿತದಂತೆ ನಡೆಯುತ್ತದೆ. ಸಿಮೆಂಟಿನ ಧೂಳು ತುಂಬಿದ ಊರಿನಲ್ಲಿ ಕಾರ್ಖಾನೆಯ ಭೋಂಗಾಕ್ಕೆ ತಾಳೆ ನೋಡುತ್ತ ಪಾಳಿಗೆ ಹೊರಟವರ ಮಣಿಕಟ್ಟಿನಲ್ಲಿ ಇಂತಹ ಗಡಿಯಾರಗಳು ಎಷ್ಟು ಸವೆದಿಲ್ಲ! ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರಲ್ಲಿ ಒಪ್ಪಿಗೆ ನೀಡಿತು. ಇದ್ದುದನ್ನು ಉಳಿಸಿಕೊಳ್ಳುವುದೊಂದೇ ಈಗ ನಮ್ಮ ಕೈಯಲ್ಲಿರುವುದು.

ಇಲ್ಲಿಂದ ಕಣ್ಣು ಪಳಗಿದ ಮೇಲೆ ಜಪಾನಿನ ಅಸಲು ಕ್ರೀಡಾ ಗಡಿಯಾರಗಳತ್ತ ಸಾಗಬಹುದು. ಸೀಕೋ ಕಂಪನಿಯ ‘ಸ್ಪೋರ್ಟ್ಸ್‌ಮ್ಯಾಟಿಕ್ ಫೈವ್’ 1963ರಲ್ಲಿ ಬಂದಿತು. ಮರುವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ಹೊತ್ತು ಅಳೆಯುವ ಹೊಣೆಯೂ ಆ ಕಂಪನಿಗೇ ಸಂದಿತು. 1965ರಲ್ಲಿ ಮುಳುಗುವವರಿಗೆಂದು 150 ಮೀಟರ್ ಆಳಕ್ಕೆ ತಾಳುವ ಗಡಿಯಾರವನ್ನು ಅದು ಹೊರತಂದಿತು. 1969ರಲ್ಲಿ, ಕೈಯ ಚಲನೆಯಿಂದಲೇ ಕೀಲಿ ಏರುವ, ಓಟದ ಅವಧಿಯನ್ನೂ ಅಳೆಯುವ 6139 ಎಂಬ ಯಂತ್ರ ಬಂದಿತು. ಅಮೆರಿಕದ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬಿಗೆ ಹೋದಾಗ ತನ್ನ ಸ್ವಂತದ ಹಳದಿ ಮುಖದ ಇಂತಹುದೇ ಗಡಿಯಾರವನ್ನು ಒಯ್ದಿದ್ದನು. ಮುಂದೆ ಆ ಹಳದಿಗೆ ಬೆಲೆ ಏರಿತು; ಬೆಲೆ ಏರಿದಲ್ಲಿ ಅನುಕರಣವೂ ಹುಟ್ಟಿತು.

ಹೊಸಬನಿಗೆ ಕೆಲವು ಮಾತುಗಳನ್ನು ಹೇಳಬೇಕು. ಹಳೆಯ ಸೀಕೋ ಗಡಿಯಾರದ ಹಿಂಬದಿಯ ಮುಚ್ಚಳದಲ್ಲಿ ಕೊರೆದ ಕ್ರಮಸಂಖ್ಯೆಯ ಮೊದಲ ಅಂಕೆಯು ತಯಾರಾದ ವರ್ಷದ ಕಡೆಯ ಅಂಕೆ, ಎರಡನೆಯದು ತಿಂಗಳು. ದಶಕವನ್ನು ಯಂತ್ರದ ಜಾತಿಯಿಂದ ಊಹಿಸಬೇಕು. ಅದೇ ಮುಚ್ಚಳದಲ್ಲಿರುವ ಮಾದರಿಯ ಮೊದಲ ನಾಲ್ಕು ಅಂಕೆಗಳು ಮುಖಫಲಕದ ಕೆಳಅಂಚಿನ ಸಣ್ಣ ಬರಹದೊಡನೆ ಹೊಂದಿಕೊಳ್ಳಬೇಕು. ಹೊಂದದಿದ್ದರೆ ಒಡಲು ಒಂದರದು, ಮುಖ ಇನ್ನೊಂದರದು ಎಂದು ತಿಳಿಯಬೇಕು. ವಾರದ ಹೆಸರುಗಳ ಚಕ್ರದಲ್ಲಿ ಅರಬ್ಬೀ ಅಕ್ಷರಗಳಿದ್ದರೆ ಅದು ಅರಬ್ಬರ ಪೇಟೆಗೆಂದು ಸಿದ್ಧವಾದುದೆಂದು ತಿಳಿದು, ಯಾರೊಡನೆ ಯಾವ ದಾರಿಯಿಂದ ವಾಡಿ ಜಂಕ್ಷನ್ನಿನಲ್ಲಿ ಇಳಿಯಿತೆಂದು ಮನೆಯವರನ್ನು ವಿಚಾರಿಸಬಹುದು. ಇನ್ನು, ಮುಳುಗುಗಾರರ ಗಡಿಯಾರವೆಂಬ ಭರವಸೆಯಿಂದ ಅದನ್ನು ಕಟ್ಟಿಕೊಂಡು ಕಾಗಿಣಾ ನದಿಗೆ ಇಳಿಯುವುದು ಅವಿವೇಕ. ಅರ್ಧ ಶತಮಾನದ ರಬ್ಬರ್ ಉಂಗುರವು ನೀರನ್ನು ತಡೆಯಲಾರದು.

ಎಲ್ಲಕ್ಕೂ ಮಿಗಿಲಾದ ಮಾತು ಒಂದುಂಟು: ಹೊಸ ಬಣ್ಣ ಬಳಿದ ಮುಖವನ್ನು ಹಳೆಯದೆಂದು ಕೊಳ್ಳಬೇಡಿರಿ, ನಿಮ್ಮ ಬಳಿಯಿರುವ ಹಳೆಯ ಮುಖಕ್ಕೆ ಹೊಸ ಬಣ್ಣ ಬಳಿಸಲೂಬೇಡಿರಿ. ನಮ್ಮ ದೇಶದಲ್ಲಿ ಈ ವ್ಯಾಪಾರ ಬಹಳ ಬೆಳೆದಿದೆ. ಮಾಸಿದ ಫಲಕವನ್ನು ಕೆರೆದು, ಕೆಂಪು, ನೀಲಿ, ಕಿತ್ತಳೆ ಬಣ್ಣಗಳನ್ನು ಹಚ್ಚಿ, ಕಂಪನಿಯ ಹೆಸರನ್ನು ಹೊಸದಾಗಿ ಅಚ್ಚೊತ್ತಿ ಮಾರುತ್ತಾರೆ. ಅಕ್ಷರದ ಅಂಚು ಹರಡಿಕೊಂಡಿದ್ದರೆ, ಗೆರೆಗಳ ನಡುವಣ ಅಂತರ ಏರುಪೇರಾಗಿದ್ದರೆ, ಐವತ್ತು ವರ್ಷದ ಗಡಿಯಾರವು ನಿನ್ನೆ ಹುಟ್ಟಿದಂತೆ ಹೊಳೆದರೆ ಸಂದೇಹಪಡಲೇಬೇಕು.

ಇದರಲ್ಲಿ ತಪ್ಪೇನು, ಚೆಂದ ಕಂಡರೆ ಸಾಲದೆ ಎನ್ನುವವರುಂಟು. ಅವರಿಗೆ ನಮ್ಮ ನೆರೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯನ್ನು ತೋರಿಸಬೇಕು. ಅಲ್ಲಿಯ ಘಟಿಕಾಸ್ಥಾನದ 1058ರ ಶಾಸನವು ಗುರುಗಳನ್ನೂ ವಿದ್ಯಾರ್ಥಿಗಳನ್ನೂ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಓದಲು ಸುಲಭವಾಗಲೆಂದು ಯಾರಾದರೂ ಉಳಿ ಹಿಡಿದು ಆ ಅಕ್ಷರಗಳನ್ನು ಹೊಸದಾಗಿ ಕೊರೆದರೆ ಅದು ಚೆಂದವೇನೋ ಕಂಡೀತು. ಆದರೆ ಯಾವ ವಿದ್ವಾಂಸನು ಅದನ್ನು ನಂಬಿಯಾನು? ಗಡಿಯಾರದ ಮುಖವೂ ಒಂದು ಸಣ್ಣ ಶಾಸನವೇ. ನಮ್ಮ ಮನೆಗಳ ಶಹಾಬಾದ ಪರಸಿಯನ್ನು ನೋಡಿರಿ. ಮೂರು ತಲೆಮಾರಿನ ಪಾದಗಳು ನುಣುಪುಗೊಳಿಸಿದ ಕಲ್ಲನ್ನು ಯಂತ್ರದಿಂದ ಉಜ್ಜಿಸಿದರೆ ಹೊಳಪು ಹೆಚ್ಚೀತು, ಆದರೆ ಆ ಪಾದಗಳ ಗುರುತು ಅಳಿದು ಹೋಗುತ್ತದೆ.

ಬಡವನಿಗೆ ತನ್ನ ಗಡಿಯಾರ ಚೊಕ್ಕಟವಾಗಿ ಕಾಣಬೇಕೆಂಬ ಆಸೆ ಇರಬಾರದೆ? ಖಂಡಿತ ಇರಬಹುದು. ಅವನು ತನ್ನದಕ್ಕೆ ತಾನು ಬಣ್ಣ ಹಚ್ಚಿಸಿ ಕಟ್ಟಿಕೊಂಡರೆ ಅದು ಅವನ ಸುಖ. ಅದನ್ನು ನಿಂದಿಸುವ ಅಧಿಕಾರ ಸಂಗ್ರಾಹಕನಿಗಿಲ್ಲ. ಬಣ್ಣ ಹಚ್ಚುವ ಕುಶಲಿಯ ಹೊಟ್ಟೆಯ ಮಾತೂ ಇಲ್ಲಿದೆ. ಬಣ್ಣ ಹಚ್ಚಿದೆನೆಂದು ಹೇಳಿ ಮಾರಿದರೆ ಅವನದು ಕಸಬು. ಹೇಳದೆ ಮಾರಿದರೆ ಮೋಸ. ಕೊಳ್ಳುವವನು ಹೊಳಪನ್ನೇ ಕೇಳುವ ತನಕ ಮಾರುವವನೂ ಹೊಳಪನ್ನೇ ಒದಗಿಸುವನಾದುದರಿಂದ ಈ ದೋಷದಲ್ಲಿ ಅರ್ಧಪಾಲು ನಮ್ಮದೇ.

ಆದುದರಿಂದ ಮೊದಲ ಹಣವನ್ನು ಗಡಿಯಾರಕ್ಕೆ ಸುರಿಯುವ ಮುನ್ನ ಬಜಾರಿನ ಮೂಲೆಯಲ್ಲಿ ಕಣ್ಣಿಗೆ ದುರ್ಬೀನು ಸಿಕ್ಕಿಸಿ ಕುಳಿತ ದುರಸ್ತಿಗಾರನ ಬಳಿಗೆ ಹೋಗಿರಿ. ಅಜ್ಜನ ಗಡಿಯಾರವನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಬಿಡಿಸಿ, ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ. ಬ್ಯಾಟರಿ ಬದಲಿಸುವ ಕೆಲಸವಷ್ಟೇ ಉಳಿದ ಈ ದಿನಗಳಲ್ಲಿ ಯಂತ್ರವನ್ನು ಬಲ್ಲ ಕೈಗಳು ವಿರಳವಾಗುತ್ತಿವೆ. ಆ ಕೈಗಳು ಇಲ್ಲವಾದ ಮೇಲೆ ನೂರು ಗಡಿಯಾರಗಳನ್ನು ಕೂಡಿಟ್ಟರೂ ಅವು ನಿಂತ ಮುಳ್ಳುಗಳಷ್ಟೆ. ‘ಮುಖ ಮಾತ್ರ ಮುಟ್ಟಬೇಡಿರಿ, ಮಾಮಾ’ ಎಂದು ಅವರಿಗೆ ಹೇಳುವುದನ್ನು ಮರೆಯದಿರಿ.