ಒಡಲು ತೊಳೆಯುವ ಪುಡಿಗಿಂತ ಹೊಲದ ಬದು ಲೇಸು

ರಾಮಾಪುರದ ಸುತ್ತಲಿನ ಜನರಿಗೆ ವಿಷವೆಂಬ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡವರಲ್ಲಿ 17 ಮಂದಿ ಅಸುನೀಗಿದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅನ್ನದಲ್ಲಿ ಬೆರೆತಿದ್ದುದು ಬೆಳೆಗೆ ಸಿಂಪಡಿಸುವ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ.

ಇಂತಹ ನೆಲಕ್ಕೂ ಇಂದು ‘ದೇಹದ ವಿಷ ಹೊರಹಾಕುವ’ ಪುಡಿ, ಮಾತ್ರೆ, ಕಷಾಯಗಳ ಜಾಹೀರಾತು ಮೊಬೈಲಿನ ಮೂಲಕ ಬಂದು ತಲುಪುತ್ತಿದೆ. ಬೆವರು ಸುರಿಸಿ ಗಳಿಸಿದ ಕೂಲಿಯನ್ನು ಅದಕ್ಕೆ ಸುರಿಯುವ ಮುನ್ನ ಒಡಲೊಳಗಿನ ವ್ಯವಸ್ಥೆಯನ್ನು ಅರಿಯುವುದು ಒಳಿತು.

ಯಕೃತ್ತು ವಿಷವಸ್ತುವಿನ ರೂಪವನ್ನು ಮೊದಲು ಬದಲಿಸುತ್ತದೆ; ಬಳಿಕ ಗ್ಲುಟಾಥಯೋನ್, ಸಲ್ಫೇಟ್ ಮೊದಲಾದವುಗಳನ್ನು ಅದಕ್ಕೆ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಮೂತ್ರ ಮತ್ತು ಪಿತ್ತರಸಗಳು ಅದನ್ನು ಹೊರಸಾಗಿಸುತ್ತವೆ. ಗ್ಲುಟಾಥಯೋನ್ ತಯಾರಾಗಲು ಸಸಾರಜನಕ ಬೇಕು. ಅದು ಅವರೆ, ಹುರುಳಿ, ಅಲಸಂದೆಗಳಲ್ಲಿದೆ. ರಾಗಿಯ ನಾರು ಕರುಳನ್ನು ಸರಾಗವಾಗಿಡುತ್ತದೆ. ಮುದ್ದೆ, ಬೆರಕೆ ಸೊಪ್ಪಿನ ಸಾರು, ಸಾಕಷ್ಟು ನೀರು ದೊರೆತ ಆರೋಗ್ಯವಂತ ದೇಹಕ್ಕೆ ಬೇರೆ ಪುಡಿಯ ಹಂಗಿಲ್ಲ. ‘ನೈಸರ್ಗಿಕ’ವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ: ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದಾರೆ.

ದೇಹದ ಶಕ್ತಿಗೂ ಮಿತಿಯುಂಟು. ಮೊನೊಕ್ರೊಟೊಫಾಸ್ ನರಗಳ ಕೆಲಸಕ್ಕೆ ಬೇಕಾದ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ರೋಗಿಗೆ ಬೇಕಾಗುವುದು ಆಸ್ಪತ್ರೆಯ ಅಟ್ರೋಪಿನ್ ಚುಚ್ಚುಮದ್ದು. ಮನೆಮದ್ದಿಗೆ ಕಳೆಯುವ ಒಂದೊಂದು ಗಳಿಗೆಯೂ ಪ್ರಾಣಕ್ಕೆ ಎರವು. ಈ ಔಷಧವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಆದೇಶಿಸಿತ್ತು. ಅದರ 36 ಎಸ್‌ಎಲ್ ದ್ರಾವಣವನ್ನು 2023ರಲ್ಲಿ ನಿಷೇಧಿಸಿತು. ಈ ಎರಡು ಆದೇಶಗಳ ನಡುವೆಯೇ ಸುಳ್ವಾಡಿಯ ಸಾವುಗಳು ಸಂಭವಿಸಿದವು.

ಆದುದರಿಂದ ಶುದ್ಧಿಯ ಕಾರ್ಯ ಹೊಲದ ಬದುವಿನಿಂದಲೇ ಆರಂಭವಾಗಬೇಕು. ಬದುವಿಗೆ ಕಳೆನಾಶಕ ಹೊಡೆದರೆ ಅಣ್ಣೆ, ಗಣಿಕೆ, ಕಿರುಕಸಾಲೆ ಸೊಪ್ಪುಗಳೂ ಸಾಯುತ್ತವೆ. ಪುಕ್ಕಟೆ ದೊರೆಯುವ ಆಹಾರವನ್ನು ದುಡ್ಡು ಕೊಟ್ಟು ಕೊಂದು, ಮತ್ತೆ ದುಡ್ಡು ಕೊಟ್ಟು ಪುಡಿ ತರುವುದು ಎಂತಹ ಜಾಣತನ? ಔಷಧದ ಡಬ್ಬಿ ಅಡುಗೆಮನೆ ಸೇರಬಾರದು. ಬರಿದಾದರೂ ಅದರಲ್ಲಿ ನೀರು, ಎಣ್ಣೆ ತುಂಬಬಾರದು. ಸಿಂಪಡಿಸಿದ ಬಳಿಕ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಾಯದೆ ಕೊಯ್ಯಬಾರದು. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತ್ಯುಗ್ರ ವಿಷದ ಗುರುತೆಂಬುದನ್ನು ಓದಬಲ್ಲ ವಿದ್ಯಾರ್ಥಿಗಳು ಓದಲಾರದ ಹಿರಿಯರಿಗೆ ತಿಳಿಸಬೇಕು.

ಒಳಹೊಕ್ಕ ವಿಷವನ್ನು ತೊಳೆಯುವ ಹೊರೆಯನ್ನೆಲ್ಲ ಯಕೃತ್ತಿನ ಮೇಲೆ ಹೊರಿಸುವುದಕ್ಕಿಂತ, ತಟ್ಟೆಗೆ ವಿಷ ಬಾರದಂತೆ ಕಾಯುವುದು ಊರಿನ ಹೊಣೆ.