ಗೃಹಸ್ಥರಿಗೆ ನಾಲ್ಕು ಮಾತು: ಬಳಸಿದ ಮೋಟಾರ್ ಸೈಕಲ್ ಕೊಳ್ಳುವ ಮುನ್ನ



ಕುಮಟಾದಲ್ಲಿರುವ ನಮ್ಮ ಸ್ನೇಹಿತರೊಬ್ಬರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮಳೆಗಾಲ ಕಳೆದೊಡನೆ ರಜೆಯ ಮೇಲೆ ಊರಿಗೆ ಬಂದವನು, ವೇಗವೂ ಇರುವ, ದೂರ ಪ್ರಯಾಣಕ್ಕೂ ಒದಗುವ ಮೋಟಾರ್ ಸೈಕಲೊಂದನ್ನು ಕೊಳ್ಳಬೇಕೆಂದು ಹಟ ಹಿಡಿದನು. ಹೊಸದಕ್ಕೆ ಹಣ ಸಾಲದು, ಬಳಸಿದ್ದಾದರೂ ಆಗಬಹುದು ಎಂದನು. ತಾಯಿಗೆ ಅವನ ಜೀವದ ಚಿಂತೆ, ತಂದೆಗೆ ಹಣದ ಚಿಂತೆ. ಕಡೆಗೆ ತಂದೆಯವರು, "ನೀವೂ ಜೊತೆಗೆ ಹೋಗಿ ನೋಡಿ ಬನ್ನಿ. ನಿಮ್ಮ ಮಾತನ್ನಾದರೂ ಅವನು ಕೇಳಿಯಾನು" ಎಂದು ನಮ್ಮಲ್ಲಿ ಕೇಳಿಕೊಂಡರು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು, ಒಂದೇ ವಾರದಲ್ಲಿ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಮೂರು ಗಾಡಿಗಳನ್ನು ನೋಡಿದೆವು. ಆಗ ಕಂಡುಕೊಂಡ ಸಂಗತಿಗಳು ಇತರ ಕುಟುಂಬಗಳಿಗೂ ಉಪಯೋಗವಾಗಬಹುದೆಂದು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಾರುಣ್ಯದಲ್ಲಿ ಮೋಟಾರ್ ಸೈಕಲೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ದಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳ ಯಂತ್ರವೆಲ್ಲ ಕಣ್ಣೆದುರಿಗೇ ತೆರೆದಿರುತ್ತಿತ್ತು. ಕೆಟ್ಟರೆ ಹಳ್ಳಿಯ ಗ್ಯಾರೇಜಿನಲ್ಲಿಯೂ ದುರಸ್ತಿಯಾಗುತ್ತಿತ್ತು. ಈಗಿನ ತರುಣರು ಬಯಸುವುದು ಬೇರೆ ಜಾತಿ. ಗಾಳಿಯನ್ನು ಸೀಳುವ ಹೊರಕವಚ, ಸ್ವಲ್ಪ ಮುಂದೆ ಬಾಗಿ ಕೂರುವ ಆಸನ, ದಿನವಿಡೀ ಓಡಿದರೂ ದಣಿಯದ ಎಂಜಿನ್ ಇವುಗಳ ಲಕ್ಷಣ. 2003ರಲ್ಲಿ ಬಂದ 223 ಸಿ.ಸಿ.ಯ ಹೀರೋ ಹೋಂಡಾ ಕರಿಜ್ಮಾ, 2011ರಲ್ಲಿ ಬಂದ 249 ಸಿ.ಸಿ.ಯ ಹೋಂಡಾ ಸಿ.ಬಿ.ಆರ್. 250 ಆರ್ ಈ ಬಗೆಯವು. ಆ ಹೊರಕವಚವು ಗಾಳಿಯನ್ನು ತಡೆಯುವಂತೆಯೇ ಗಾಡಿಯ ಗಾಯಗಳನ್ನೂ ಮರೆಮಾಡುತ್ತದೆ ಎಂಬುದನ್ನು ಕೊಳ್ಳುವವರು ಮೊದಲು ನೆನಪಿಡಬೇಕು.

ಭಟ್ಕಳದಲ್ಲಿ ನೋಡಿದ್ದು ಗೋವಾದಲ್ಲಿ ನೋಂದಣಿಯಾದ ಒಂದು ಕರಿಜ್ಮಾ. ಎಂಜಿನ್ನಿನ ಸದ್ದಿನಲ್ಲಿ ದೋಷವಿರಲಿಲ್ಲ. ಹುಡುಗ ಒಂದು ಸುತ್ತು ಓಡಿಸಿ ಬಂದು, "ಕಾಕಾ, ಇಷ್ಟು ಚೆನ್ನಾಗಿ ಓಡುತ್ತದೆ, ಇನ್ನೇನು ನೋಡುವುದು?" ಎಂದನು. ನಾವು ಆರ್.ಸಿ. ಕಾರ್ಡನ್ನು ಕೇಳಿದೆವು. ಅದರಲ್ಲಿದ್ದುದು ಮಾರುವವರ ಹೆಸರಲ್ಲ, ಅವರಿಗೆ ಮಾರಿದವರ ಹೆಸರೂ ಅಲ್ಲ, ಅದಕ್ಕೂ ಹಿಂದಿನವರ ಹೆಸರು! ಸಾಲ ಕೊಟ್ಟ ಸಂಸ್ಥೆಯ ಅಡಮಾನದ ನಮೂದೂ ಹಾಗೆಯೇ ಉಳಿದಿತ್ತು. ಮೊದಲ ಮಾಲೀಕರು ಸಹಿ ಮಾತ್ರ ಹಾಕಿ ಕೊಟ್ಟ ಖಾಲಿ ಫಾರಂಗಳು ಕೈಯಿಂದ ಕೈಗೆ ದಾಟಿ ಬಂದಿದ್ದವು. "ಇದು ಎಲ್ಲ ಕಡೆ ನಡೆಯುವುದೇ" ಎಂದು ಅವರು ನಕ್ಕರು.

ಎಲ್ಲ ಕಡೆ ನಡೆಯುತ್ತದೆ, ನಿಜ. ಆದರೆ ನಡೆದದ್ದಕ್ಕೆ ಯಾರು ಹೊಣೆ? 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. ಮಾರಿದವನದು 29ನೆಯ ನಮೂನೆ, ಇಬ್ಬರೂ ಸಹಿ ಮಾಡಬೇಕಾದುದು 30ನೆಯ ನಮೂನೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಒಂದು ಮುಖ್ಯ ತೀರ್ಪನ್ನಿತ್ತಿತು. ವಾಹನವು ಎಷ್ಟು ಕೈ ಬದಲಾಯಿಸಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆಗಾರರು ಎಂಬುದು ಅದರ ತಾತ್ಪರ್ಯ. ಆದ್ದರಿಂದ ಈ ಎಚ್ಚರ ಕೊಳ್ಳುವವರಿಗೆ ಮಾತ್ರವಲ್ಲ, ಮನೆಯ ಹಳೆಯ ಗಾಡಿಯನ್ನು ಮಾರುವವರಿಗೂ ಅಷ್ಟೇ ಅಗತ್ಯ.

ಕೊಳ್ಳುವವರಿಗೆ ಇನ್ನೂ ಒಂದು ಅಪಾಯವುಂಟು. ಗಾಡಿಯ ಮಾಲೀಕನೇ ಓಡಿಸುವಾಗ ಮರಣ ಸಂಭವಿಸಿದರೆ ಅವನ ಕುಟುಂಬಕ್ಕೆ 15 ಲಕ್ಷ ರೂಪಾಯಿ ದೊರೆಯುವ ವೈಯಕ್ತಿಕ ಅಪಘಾತ ವಿಮೆ 2018ರಿಂದ ಜಾರಿಯಲ್ಲಿದೆ. ಪಾಲಿಸಿ ಹಳೆಯ ಮಾಲೀಕನ ಹೆಸರಿನಲ್ಲಿಯೇ ಉಳಿದಿದ್ದರೆ ಹೊಸಬನ ಮನೆಯವರಿಗೆ ಆ ಹಣ ಬಾರದು. ಕೊಂಡ 14 ದಿನಗಳೊಳಗೆ ವಿಮಾ ಕಂಪನಿಗೂ ಅರ್ಜಿ ಸಲ್ಲಿಸಬೇಕೆಂದು ಕಾಯಿದೆಯ 157ನೆಯ ಕಲಮು ಹೇಳುತ್ತದೆ.

ಹೊರ ರಾಜ್ಯದ ಗಾಡಿಗೆ ಮೂಲ ನೋಂದಣಿ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಸಾಲ ತೀರಿದ್ದಕ್ಕೆ 35ನೆಯ ನಮೂನೆ ಬೇಕು. ಇಲ್ಲಿಯ ರಸ್ತೆ ತೆರಿಗೆಯನ್ನು ಕಟ್ಟಿ ಮರುನೋಂದಣಿ ಮಾಡಿಸಬೇಕು. 15 ವರ್ಷ ದಾಟಿದ ಗಾಡಿಯಾದರೆ ನೋಂದಣಿಯ ನವೀಕರಣವೂ ಆಗಬೇಕು. ಇವೆಲ್ಲದರ ವೆಚ್ಚವನ್ನು ಕೂಡಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಭಟ್ಕಳದಿಂದ ಬರಿಗೈಯಲ್ಲಿ ಮರಳಿದೆವು.

ಹೊನ್ನಾವರದ ಗಾಡಿಯ ಕಾಗದಪತ್ರಗಳು ಸರಿಯಾಗಿದ್ದವು. ಅದು 2014ರ ಸಿ.ಬಿ.ಆರ್., ಹೊಸ ಬಣ್ಣ ಬಳಿದುಕೊಂಡು ಮದುಮಗನಂತೆ ಹೊಳೆಯುತ್ತಿತ್ತು. ನಮ್ಮ ಮೆಕ್ಯಾನಿಕ್ ಮೊದಲು ಎಂಜಿನ್ನಿನ ಹತ್ತಿರ ಕೈಯಿಟ್ಟು ನೋಡಿ, "ಬಿಸಿಯಾಗಿದೆ, ನಾವು ಬರುವ ಮೊದಲೇ ಓಡಿಸಿದ್ದಾರೆ" ಎಂದರು. ಸುಲಭವಾಗಿ ಚಾಲೂ ಆಗದ ಎಂಜಿನ್ನು ಬಿಸಿಯಾದ ಮೇಲೆ ತನ್ನ ದೋಷವನ್ನು ಬಚ್ಚಿಡುತ್ತದೆಯಂತೆ. ಆದಕಾರಣ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪುಕಾರಕ ದ್ರವ ಒಳಗೆ ಸೋರುತ್ತಿರಬಹುದು.

ಬಳಿಕ ಆಸನವನ್ನೂ ಪಕ್ಕದ ಕವಚವನ್ನೂ ಬಿಚ್ಚಿಸಿದೆವು. ಒಳಗೆ ತಂತಿಗಳ ಜೋಡಣೆಯಲ್ಲಿ ಹಸಿರು ಕಿಲುಬು, ಮೂಲೆಗಳಲ್ಲಿ ಒಣಗಿದ ಕೆಸರು, ಚೌಕಟ್ಟಿನ ಬೆಸುಗೆಗಳಲ್ಲಿ ತುಕ್ಕು. ಗಾಡಿ ಎಂದೋ ನೆರೆನೀರಿನಲ್ಲಿ ನಿಂತದ್ದು ಸ್ಪಷ್ಟವಾಗಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ಇದು. ಶರಾವತಿ, ಅಘನಾಶಿನಿಗಳ ತೀರದಲ್ಲಿ ನೆರೆ ಹೊಸತಲ್ಲ. ಅದಲ್ಲದೆ ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ಮೌನವಾಗಿ ತಿನ್ನುತ್ತದೆ. ಕರಾವಳಿಯ ಗಾಡಿಯನ್ನು ಕೊಳ್ಳುವವರು ಟಾರ್ಚು ಹಿಡಿದು ಪೆಟ್ರೋಲ್ ಟ್ಯಾಂಕಿನ ಒಳಗನ್ನೂ, ಹೊಗೆನಳಿಗೆಯ ಅಡಿಯನ್ನೂ, ಚೌಕಟ್ಟಿನ ಕೆಳಭಾಗವನ್ನೂ ನೋಡಲೇಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಅಂತಹ ಗಾಡಿಯ ಬೆಲೆಯನ್ನು ವಿಚಾರಿಸುವುದೂ ಬೇಡ.

ಮೂರನೆಯದು ಕುಮಟಾದಲ್ಲಿಯೇ, ನಾಲ್ಕು ಬೀದಿ ಆಚೆಗಿತ್ತು. ಅದು 2018ರ ಸಿ.ಬಿ.ಆರ್. ನೋಡಲು ಅಷ್ಟೇನೂ ಚೆಂದವಿಲ್ಲ. ಎಡಗಡೆಯ ಕವಚದ ಮೇಲೆ ಗೀರುಗಳಿದ್ದವು. "ಅಂಗಳದಲ್ಲಿ ನಿಂತಲ್ಲೇ ಬಿದ್ದದ್ದು" ಎಂದು ಮಾಲೀಕರು ತಾವಾಗಿಯೇ ಹೇಳಿದರು. ನಮ್ಮ ಮೆಕ್ಯಾನಿಕ್ ಪರೀಕ್ಷಿಸಿ ಆ ಮಾತನ್ನು ಒಪ್ಪಿದರು. ಓಡುವಾಗ ಬಿದ್ದ ಗಾಡಿಯಲ್ಲಿ ಹ್ಯಾಂಡಲ್ಲಿನ ತುದಿ, ಬ್ರೇಕ್ ಲಿವರ್, ಪಾದದ ಕಂಬಿ ಇವೆಲ್ಲ ಉದ್ದಕ್ಕೆ ಉಜ್ಜಿರುತ್ತವೆ. ಜೋರಾಗಿ ಗುದ್ದಿದ ಗಾಡಿಯಲ್ಲಿ ಹ್ಯಾಂಡಲ್ ಕೊನೆಗೆ ತಾಗುವ ತಡೆಗಂಟು ಜಜ್ಜಿರುತ್ತದೆ. ಮುಂದಿನ ಚಕ್ರವನ್ನು ಎತ್ತಿ ಹಿಡಿದು ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಮುಂದಿನ ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಕಾಣಬಾರದು. ಚೌಕಟ್ಟಿನ ಮೇಲೂ ಎಂಜಿನ್ನಿನ ಮೇಲೂ ಕೊರೆದ ಸಂಖ್ಯೆಗಳು ಆರ್.ಸಿ.ಯ ಸಂಖ್ಯೆಗಳಿಗೆ ಅಕ್ಷರಶಃ ಹೊಂದಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಈ ಗಾಡಿಯ ಟಯರುಗಳು ಹಳತಾಗಿ ಬಿರುಕು ಬಿಟ್ಟಿದ್ದವು, ಚೈನೂ ಸವೆದಿತ್ತು. ಅವು ಬದಲಾಯಿಸಬಹುದಾದ ವಸ್ತುಗಳು. ಅವುಗಳ ವೆಚ್ಚವನ್ನು ಬೆಲೆಯಲ್ಲಿ ಇಳಿಸಲು ಮಾಲೀಕರು ಒಪ್ಪಿದರು. ಬಳಸಿದ ಗಾಡಿ ಕೊಳ್ಳುವವರು ಕೈಯಲ್ಲಿರುವ ಹಣದ ಐದನೆಯ ಒಂದು ಪಾಲನ್ನು ಇಂತಹ ವೆಚ್ಚಕ್ಕೆಂದು ಎತ್ತಿಡುವುದು ಲೇಸು.

ಆ ಗಾಡಿಗೆ ಎ.ಬಿ.ಎಸ್. ಎಂಬ ಬ್ರೇಕ್ ವ್ಯವಸ್ಥೆ ಇದ್ದುದು ನಮ್ಮ ಒಪ್ಪಿಗೆಗೆ ಮುಖ್ಯ ಕಾರಣ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ಅದು ತಡೆಯುತ್ತದೆ. 125 ಸಿ.ಸಿ. ಮೀರಿದ ಹೊಸ ಮೋಟಾರ್ ಸೈಕಲುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಕೆಲವಕ್ಕೆ ಉಂಟು, ಹಲವಕ್ಕೆ ಇಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆಯ ಘಟ್ಟವನ್ನೋ ಇಳಿಯಬೇಕಾದ ಮಕ್ಕಳ ತಂದೆತಾಯಿಗಳು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಸಿ.ಬಿ.ಆರ್. 250 ಆರ್‌ನ ತಯಾರಿಕೆ ನಮ್ಮ ದೇಶದಲ್ಲಿ 2020ರಲ್ಲಿ ನಿಂತುಹೋಗಿರುವುದರಿಂದ, ಬಿಡಿಭಾಗಗಳು ಎಲ್ಲಿ ದೊರೆಯುತ್ತವೆಂಬುದನ್ನೂ ಮುಂಚಿತವಾಗಿ ವಿಚಾರಿಸಿಕೊಂಡೆವು.

ಕಡೆಗೆ ಹಣದ ಮಾತು. ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು, ವಿಮೆಯ ಅವಧಿ, ಬಾಕಿ ದಂಡ ಇವನ್ನು ನೋಡಿಯಾದ ಮೇಲೆ ಬೆಲೆಯ ಬಹುಪಾಲನ್ನು ಬ್ಯಾಂಕಿನ ಮೂಲಕವೇ ಕೊಟ್ಟೆವು. ಉಳಿದ ಪಾಲನ್ನು, ಹೊನ್ನಾವರದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯಲ್ಲಿ ಹುಡುಗನ ಹೆಸರು ಬಂದ ದಿನ ಕೊಡುವುದೆಂದು ಎರಡೂ ಕಡೆಯವರು ಬರೆದುಕೊಂಡು ಸಹಿ ಹಾಕಿದರು. ಮಾರುವವರು ಇದನ್ನು ಅಪನಂಬಿಕೆ ಎಂದು ಭಾವಿಸಲಿಲ್ಲ. "ನನ್ನ ಹೆಸರು ಬೇಗ ತೆಗೆಯುವುದು ನನಗೂ ಒಳ್ಳೆಯದೇ" ಎಂದರು.

ಹೆಸರು ಬದಲಾಗುವವರೆಗೆ ಗಾಡಿ ಅವರ ಅಂಗಳದಲ್ಲಿಯೇ ನಿಂತಿತ್ತು. ಹುಡುಗನಿಗೆ ಬೇಸರವಾಯಿತು. ರಜೆ ಮುಗಿದು, ಎಂದಿನಂತೆ ರಾತ್ರಿಯ ಬಸ್ಸಿನಲ್ಲಿಯೇ ಬೆಂಗಳೂರಿಗೆ ಹೋದನು. ಮುಂದೊಂದು ಶನಿವಾರ ಬಂದು ಗಾಡಿಯನ್ನು ಮನೆಗೆ ತಂದಾಗ, ತಾಯಿ ಅದರ ಬೆಲೆಯನ್ನು ಕೇಳಲಿಲ್ಲ. ಅವನ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ಐ.ಎಸ್.ಐ. ಗುರುತಿದೆಯೇ ಎಂದು ನೋಡಿ, "ಇನ್ನೊಂದು ಎಲ್ಲಿ? ಹಿಂದೆ ಕೂರುವವರಿಗೆ ತಲೆ ಇಲ್ಲವೇ?" ಎಂದು ಕೇಳಿದರು. ಕಾಯಿದೆ ಹೇಳುವುದೂ ಅದನ್ನೇ. ಎರಡನೆಯ ಹೆಲ್ಮೆಟ್ ಬಂದ ಮೇಲೆಯೇ ಆ ಗಾಡಿಯಲ್ಲಿ ಹಿಂದೆ ಕೂರಲು ಅವರು ಮನೆಯವರಿಗೆ ಅನುಮತಿ ಕೊಟ್ಟದ್ದು.